ಕಂಡು ಮಾತಾಡು

ಏಲಕ್ಕಿಯ ವಾಸನೆ ನನಗೆ ಹೊಸದಲ್ಲ. ಬೋಡಿನಾಯಕನೂರಿನ ಮಂಡಿಯಲ್ಲಿ ಮೂವತ್ತು ವರ್ಷ ಅದರೊಳಗೇ ಉಸಿರಾಡಿದವನು ನಾನು; ಎಷ್ಟು ಒಗೆದರೂ ಅಂಗಿಯಿಂದ ಹೋಗುತ್ತಿರಲಿಲ್ಲ. ಆದರೆ ನಾಲ್ಕು ದಿನದ ಹಿಂದೆ ಶಾಂತಿ ತಂದಿಟ್ಟ ಬೊಮ್ಮಣ್ಣನ ತಗಡಿನ ಡಬ್ಬಿಯ ಮುಚ್ಚಳ ತೆಗೆದಾಗ ಬಂದ ಏಲಕ್ಕಿ ವಾಸನೆಗೆ ಮುಖ ಹಿಂದಕ್ಕೆ ಎಳೆದುಕೊಂಡೆ. ಬಿಳಿಚಿಕೊಂಡ ನಾಲ್ಕು ಕಾಯಿ, ಅವುಗಳ ಕೆಳಗೆ ಬಣ್ಣಗೆಟ್ಟ ಪಟ್ಟಿಯ ಒಂದು ಪದಕ, ಪದಕದ ಕೆಳಗೆ ಮಡಿಕೆಯಲ್ಲಿ ಹರಿಯುತ್ತಿದ್ದ ಒಂದು ನೀಲಿ ಇನ್‌ಲ್ಯಾಂಡ್ ಕಾಗದ. ಪದಕವನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಕಾಗದದ ಗುರುತು ಮಾತ್ರ ಕೂಡಲೇ ಹತ್ತಿತು. ಐವತ್ತು ವರ್ಷಕ್ಕೂ ಹಿಂದೆ ಅದನ್ನು ಒಡೆದು ಓದಿದವನು ನಾನೇ.

ಬೊಮ್ಮಣ್ಣ ಯಾರೆಂದು ನಿಮಗೆ ಹೇಳಬೇಕು. ತೇನಿ ಕಡೆಯ ಗೂಡಲೂರಿನಿಂದ ಕುಮಳಿ ಘಾಟಿಗೆ ಹೋಗುವ ದಾರಿಯಲ್ಲಿರುವ ನಮ್ಮ ಊರಿನವನು, ನನಗಿಂತ ಎರಡು ವರ್ಷ ದೊಡ್ಡವನು. ಬಾಂಗ್ಲಾ ಯುದ್ಧದಲ್ಲಿ, ಗುಂಡು ಹಾರುತ್ತಿದ್ದ ಬಯಲಿನಿಂದ ಗಾಯಗೊಂಡ ಇಬ್ಬರನ್ನು ಒಬ್ಬೊಬ್ಬರಾಗಿ ಹೆಗಲ ಮೇಲೆ ಹೊತ್ತು ತಂದ. ಮೂರನೆಯವನಿಗಾಗಿ ಹೋದಾಗ ಎಡಗಾಲು ಹೋಯಿತು. ಅದಕ್ಕೇ ಆ ಪದಕ. ಅವನು ಅದನ್ನು ಎದೆಗೆ ಹಾಕಿಕೊಂಡದ್ದನ್ನು ಊರು ನೋಡಿದ್ದು ಒಂದೇ ಸಲ, ದಿಂಡುಗಲ್‌ನಲ್ಲಿ ರೈಲಿಳಿದು ಊರಿಗೆ ಬಂದ ದಿನ. ಆಮೇಲೆ ಅದು ಡಬ್ಬಿ ಸೇರಿತು. ಏಲಕ್ಕಿ ಯಾಕೆ ಎಂದು ಕೇಳಿದರೆ, "ಅದೂ ಸುಮ್ನೆ ಕೂತದೆ, ಪಾಪ. ಒಳ್ಳೆ ವಾಸ್ನೇನಾದ್ರೂ ಇರ್ಲಿ" ಎನ್ನುತ್ತಿದ್ದ. ಮರದ ಕಾಲಿನಲ್ಲೇ ದ್ರಾಕ್ಷಿ ತೋಟ ಮಾಡಿದ. ಒಂದು ಕೈ ಚಪ್ಪರದ ಕಲ್ಲುಕಂಬದ ಮೇಲೆ, ಇನ್ನೊಂದು ಕೈಯಲ್ಲಿ ಕತ್ತರಿ; ಬಸ್ಸಿನಿಂದ ನೋಡಿದರೆ ಕಂಬವನ್ನೇ ಅವನು ನಿಲ್ಲಿಸಿ ಹಿಡಿದಿದ್ದಾನೆ ಅನ್ನಿಸುತ್ತಿತ್ತು. ಮದುವೆಯಾಗಲಿಲ್ಲ. ಎರಡು ತಿಂಗಳ ಹಿಂದೆ ತೀರಿಕೊಂಡ.

ಶಾಂತಿ ಅವನ ತಂಗಿಯ ಮಗಳು, ತೇನಿಯಲ್ಲಿ ಟೀಚರು. ಅವನು ಓದಿದ ಶಾಲೆಯಲ್ಲಿ ಈ ಭಾನುವಾರ ಅವನ ಚಿತ್ರ ಇಡುತ್ತಾರಂತೆ.

"ತಾತಾ, ಅಕ್ಷರ ಎಲ್ಲ ತಮಿಳು ಎಳುತ್ತು ದಾನೆ? ಆದ್ರೆ ಓದಿದ್ರೆ ಒಂದೂ ಪುರಿಯಲ್ಲ, ಅರ್ಥ ಆಗಲ್ಲ" ಎಂದಳು ಕಾಗದ ತೋರಿಸಿ. "ನಮ್ಮ ಮಾತ್ನ ತಮಿಳ್ನಾಗೆ ಬರ್ದವ್ರೆ ಮಾಮ, ಹಳೇ ಮಾತು, ಮಸೀನೂ ಮಾಸದೆ; ನನಗೆ ಕೂಡಿಸಿ ಓದಕ್ಕೆ ಬರಲ್ಲ. ಯುದ್ಧದ ವಿಷಯ ಅವ್ರ ಬಾಯಿಂದ ಒಂದಿನ ಬಂದಿಲ್ಲ, ಇದ್ರಾಗೆ ಇರ್ಬೇಕು. ನೀವೇ ಸ್ಕೂಲಿಗೆ ಬಂದು ಎಲ್ಲಾರ ಮುಂದೆ ಪೂರಾ ಓದ್ಬೇಕು."

"ನನ್ನ ಕಣ್ಣು ಈಗ ಮೊದಲಿನಂಗೆ ಇಲ್ಲ ಕಣಮ್ಮ."

"ಈಗ ನಾ ಬಂದಾಗ ಪೇಪರು ಓದ್ತಾ ಇದ್ರಿ!"

ಒಳಗಿನಿಂದ ನನ್ನ ಹೆಂಡತಿ ನಾಗಮ್ಮ, "ಯಾರ ಕಾಗದ ಅದು?" ಎಂದಳು. "ಏನೋ ಹಳೇದು" ಎಂದೆ. ಆ ಕಾಗದ ನಾಲ್ಕು ದಿನದಿಂದ ನನ್ನ ದಿಂಬಿನ ಕೆಳಗಿದೆ. ದಿಂಬು ಕಲ್ಲಾಗಿದೆ.

ಈಗ ನಮ್ಮ ಭಾಷೆಯ ಪಾಡನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ತಿಳಿಯದು. ನೂರಾರು ವರ್ಷದ ಹಿಂದೆ ಈ ಕಣಿವೆಗೆ ಬಂದ ಕನ್ನಡದವರು ನಾವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡಕ್ಕೂ ಅಕ್ಷರ ಉಂಟೆಂಬುದು ನಮಗೆ ಗೊತ್ತಿತ್ತು, ಸ್ವರ್ಗ ಉಂಟೆಂದು ಗೊತ್ತಿರುವ ಹಾಗೆ. ಅವ್ವನಿಗೆ ಕಾಗದ ಬರೆಯಬೇಕಾದ ಮಗ ಮನೆಮಾತನ್ನೇ ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದ. ಓದಬಲ್ಲ ತಮಿಳರಿಗೆ ಅದರ ಅರ್ಥ ತಿಳಿಯದು; ಅರ್ಥ ತಿಳಿಯುವ ನಮ್ಮ ಹೆಂಗಸರಿಗೆ ಓದು ಬಾರದು. ನಡುವೆ ನಾನಿದ್ದೆ, ಹೈಸ್ಕೂಲು ಮುಗಿಸಿದವನು. ಊರಿನ ಅರ್ಧ ಗುಟ್ಟು ನನ್ನ ನಾಲಗೆಯ ಮೇಲೇ ದಾಟುತ್ತಿತ್ತು, ಅದರ ಜಂಬವೂ ಇತ್ತು.

ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಕುರಿ ಎಂದು ಬರೆದದ್ದನ್ನು ಗುರಿ ಎಂದೂ ಓದಬಹುದು. ಹಿಂದೆ ಮುಂದೆ ನೋಡಿ ಅರ್ಥ ಮಾಡಿಕೊಳ್ಳಬೇಕು.

ಆ ದಿನ ಬೊಮ್ಮಣ್ಣನ ಅವ್ವ ಕೆಂಚತ್ತೆ ಈ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಕಾಲು ಹೋದ ಸುದ್ದಿ ತಂತಿಯಲ್ಲಿ ಆಗಲೇ ಬಂದಿತ್ತು. ನಾನು ಜಗಲಿಯ ಮೇಲೆ ಕೂತು ಓದಿದೆ. "ಅವ್ವಾ, ಇಬ್ರುನ್ನ ಹೊತ್ಕಂಡು ಬಂದೆ. ಮೂರನೇ ತಡವೆ ಹೋದಾಗ ಕಾಲು ಹೋತು. ಅಳಬೇಡ. ಮಾಮನ ಮನೆಗೆ ಹೋಗಿ ಗಂಡು ಮಾತಾಡು."

ಮಾಮ ಎಂದರೆ ಕೆಂಚತ್ತೆಯ ಅಣ್ಣ. ಅವನ ಮಗಳು ನಾಗಮ್ಮ, ತೊಟ್ಟಿಲಲ್ಲೇ ಬೊಮ್ಮಣ್ಣನಿಗೆ ಎಂದು ಹೇಳಿದ್ದ ಹುಡುಗಿ. ಕಾಲು ಕಳೆದುಕೊಂಡವನು, ಅವಳಿಗೆ ಬೇರೆ ಗಂಡು ನೋಡಿ ಎಂದು ಬರೆದಿದ್ದಾನೆ ಎಂದೇ ನಾನು ತಿಳಿದೆ. ದೇವರಾಣೆಗೂ ಅಲ್ಲಿಯವರೆಗೆ ನನ್ನಲ್ಲಿ ಮೋಸವಿರಲಿಲ್ಲ. ಕೆಂಚತ್ತೆ ಎದೆಗೆ ಕೈಯಿಟ್ಟುಕೊಂಡು, "ಅಯ್ಯೋ ಮಗನೇ, ನಿನ್ನ ಬಾಯಿಂದ್ಲೇ ಹೇಳ್ಬುಟ್ಯಾ" ಎಂದು ಅಳತೊಡಗಿದಳು. ಅಷ್ಟರಲ್ಲಿ ನನ್ನ ಕಣ್ಣು ಮುಂದಿನ ಸಾಲಿಗೆ ಹೋಯಿತು.

"ಕುಂಟನ್ನ ಕಟ್ಟಿಕೋ ಅಂತ ಯಾರೂ ನಾಗೂನ ಒತ್ತಬೇಡಿ. ಬೇಡ ಅಂತಾನೂ ನೀವೇ ಹೇಳಬೇಡಿ. ಅವಳ್ನೇ ಕೇಳಿ. ಅವಳ ಸೊಲ್ಲು ಏನೋ ಅದ ಬರ್ದು ಕಳ್ಸಿ."

ಅದು ಗಂಡು ಅಲ್ಲ, ಕಂಡು. ಹೋಗಿ ಕಂಡು ಮಾತಾಡು. ನನಗೆ ಆ ಕ್ಷಣವೇ ತಿಳಿಯಿತು.

"ಇನ್ನೇನು ಬರ್ದವ್ನೆ ಸಾಮಿ?" ಎಂದಳು ಕೆಂಚತ್ತೆ.

"ಅಷ್ಟೇ ಅತ್ತೆ" ಎಂದೆ.

ಯಾಕೆ ಎಂದು ನೀವು ಕೇಳುತ್ತೀರಿ. ನಾಗಮ್ಮ ನೀರಿಗೆ ಹೋಗುವ ಹೊತ್ತಿಗೆ ನನಗೆ ದಿನವೂ ಆ ದಾರಿಯಲ್ಲಿ ಏನಾದರೊಂದು ಕೆಲಸ ಇರುತ್ತಿತ್ತು. ಇಷ್ಟು ಹೇಳಿದರೆ ಸಾಕು. ತಪ್ಪು ಓದಿದ್ದನ್ನು ಯಾರಾದರೂ ಕ್ಷಮಿಸಿಯಾರು. ನಾನು ಓದಿ ತಿಳಿದ ಮೇಲೆ ಮಡಿಸಿ ಕೊಟ್ಟೆ.

ಉತ್ತರ ಬರೆದವನೂ ನಾನೇ. ಕೆಂಚತ್ತೆ ಹೇಳಿದಳು: "ನೀ ಬರ್ದಂಗೇ ಗಂಡು ಮಾತಾಡಿದ್ವಿ ಮಗಾ. ತೈ ತಿಂಗ್ಳಾಗೆ ನಾಗೂಗೆ ಮದ್ವೆ." ಒಂದಕ್ಷರ ಕೂಡಿಸದೆ, ಕಳೆಯದೆ ಬರೆದೆ. ಅಷ್ಟು ಪ್ರಾಮಾಣಿಕ ನಾನು. ಆಸ್ಪತ್ರೆಯಲ್ಲಿ ಕೂತು ಅವನು ಏನೆಂದು ಓದಿಕೊಂಡಿರುತ್ತಾನೆ, ಯೋಚಿಸಿ. ನೀ ಬರೆದಂತೆಯೇ ಕಂಡು ಮಾತಾಡಿದೆವು. ಅವಳ ಉತ್ತರ ಇದು.

ಗಂಡು ನಾನಾದೆ.

ಅವನು ಊರಿಗೆ ಬರುವ ಮೊದಲೇ ಕೆಂಚತ್ತೆ ತೀರಿಕೊಂಡಿದ್ದಳು. ಮಾಮನ ಮನೆಯವರನ್ನು ಅವನು ಕೇಳಲು ಹೋಗಲಿಲ್ಲ. ಊರಿಗೆ ಬಂದ ಮೂರನೆಯ ದಿನ ಊರುಗೋಲು ಊರಿಕೊಂಡು ನಮ್ಮ ಮನೆಗೆ ಬಂದ. ನಾಗಮ್ಮ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಕಾಪಿ ನಾನೇ ತಂದುಕೊಟ್ಟೆ, ಲೋಟದಲ್ಲಿ ಮುಕ್ಕಾಲು ಉಳಿದಿತ್ತು, ಮಿಕ್ಕದ್ದು ನನ್ನ ಕೈಮೇಲೆ.

"ಯಾಕ್ಲಾ ನಡುಗ್ತಿ? ಯುದ್ಧಕ್ಕೆ ಹೋಗಿದ್ದು ನಾನಾ, ನೀನಾ?" ಎಂದು ನಕ್ಕ. ಆಮೇಲೆ ಅಡುಗೆಮನೆಯ ಬಾಗಿಲ ಕಡೆ ನೋಡದೆ, "ಅವಳ ಸೊಲ್ಲು ತಿಳೀತು. ಒಳ್ಳೇದೇ ಆತು" ಎಂದ.

ಅವನು ಹೋದ ಮೇಲೆ ನಾಗಮ್ಮ ಒಲೆಯ ಮುಂದೆಯೇ ಕೂತು, "ಕಾಲು ಹೋದ್ರೆ ಹೋಗ್ಲಿ. ನನ್ನ ಯಾಕೆ ಎಸ್ದ?" ಎಂದಳು. ಅದೊಂದೇ ಸಲ. ಆಮೇಲೆ ಅವನ ಹೆಸರನ್ನು ಅವಳು ಎತ್ತಲಿಲ್ಲ. ಬೀದಿಯಲ್ಲಿ ಮರದ ಕಾಲಿನ ಸದ್ದು ಕೇಳಿದರೆ ಒಳಗೆ ಹೋಗುತ್ತಿದ್ದಳು. ಎರಡು ತಿಂಗಳ ಹಿಂದೆ ಊರಿಗೆ ಊರೇ ಅವನ ಸಾವಿಗೆ ಹೋದಾಗಲೂ, "ಬೇರೆ ಗಂಡು ನೋಡು ಅಂದೋರ ಸಾವಿಗೆ ನಾ ಯಾಕೆ ಹೋಗ್ಲಿ?" ಎಂದು ಮೊಚ್ಚೆ ಅವರೆಕಾಯಿ ಸುಲಿಯುತ್ತ ಕೂತಳು.

ನಲವತ್ತು ದಾಟಿದ ಮೇಲೆ ನನಗೆ ಕನ್ನಡ ಅಕ್ಷರ ಬಂತು. ಮಂಡಿಗೆ ಏಲಕ್ಕಿ ಕೊಳ್ಳಲು ಬರುತ್ತಿದ್ದ ಮೈಸೂರಿನ ವ್ಯಾಪಾರಿಯೊಬ್ಬರು ನನ್ನ ಮಾತು ಕೇಳಿ ನಕ್ಕು, ಒಂದನೇ ತರಗತಿಯ ಪುಸ್ತಕ ತಂದುಕೊಟ್ಟರು. ಮೂಟೆಗಳ ಮೇಲೆ ಕೂತು ಅ, ಆ ತಿದ್ದಿದೆ. ಕೂಲಿಯವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕ ಮುಗಿದು, ಖ ಮುಗಿದು, ಗ ಬಂದ ದಿನ ಪುಸ್ತಕ ಮುಚ್ಚಿಟ್ಟೆ. ಕ, ಗ ಎರಡೂ ಬೇರೆ ಬೇರೆ, ಒಂದೇ ಸಾಲಿನಲ್ಲಿ, ಕಣ್ಣಿಗೆ ಹೊಡೆಯುವ ಹಾಗೆ. ಒಂದು ತಿಂಗಳು ಮುಂದಕ್ಕೆ ಹೋಗಲಾಗಲಿಲ್ಲ.

ಇಷ್ಟು ವರ್ಷ ಬೊಮ್ಮಣ್ಣ ಬದುಕಿದ್ದ. ಅವನ ತೋಟ ನಮ್ಮ ಮನೆಯಿಂದ ಅರ್ಧ ಮೈಲಿ. ನಾನು ಹೋಗಿ ಹೇಳಲಿಲ್ಲ. ಗುಂಡಿನ ನಡುವೆ ಮೂರನೆಯ ಸಲ ಹೋದವನ ಬಳಿಗೆ ನನಗೆ ಒಂದು ಸಲ ಹೋಗಲು ಕಾಲು ಬರಲಿಲ್ಲ.

ಭಾನುವಾರ ನಾಳೆ. ಬೆಳಿಗ್ಗೆಯಿಂದ ಉಪಾಯ ಹುಡುಕಿದೆ. ಗಂಟಲು ಕಟ್ಟಿದೆ ಎನ್ನಲೇ? ಕಾಗದ ಹರಿದಿದೆ, ಕೆಳಗಿನ ಸಾಲು ಕಾಣುವುದಿಲ್ಲ ಎನ್ನಲೇ? ಅಲ್ಲಿ ಇದನ್ನು ತಿಳಿದು ಓದುವವರು ಈಗಲೂ ನಾನೊಬ್ಬನೇ. ಇನ್ನೊಮ್ಮೆ "ಅಷ್ಟೇ" ಎಂದರೆ ಮುಗಿಯಿತು. ಅದೇ ನನ್ನನ್ನು ಹೆದರಿಸಿತು, ಎಷ್ಟು ಸುಲಭ ಎಂಬುದು.

ಹನ್ನೊಂದು ಗಂಟೆಗೆ ಕಾಗದ ಹಿಡಿದುಕೊಂಡು ಹಿತ್ತಲಿಗೆ ಹೋದೆ. ನಾಗಮ್ಮ ಅಕ್ಕಿ ಆರಿಸುತ್ತಿದ್ದಳು.

"ಏನದು? ಮುಖ ಯಾಕೆ ಹಂಗಾಗದೆ? ಮಾತ್ರೆ ನುಂಗಿದ್ರಾ?"

"ಬೊಮ್ಮಣ್ಣನ ಕಾಗದ. ಅವತ್ತು ನಾನು ಪೂರಾ ಓದ್ಲಿಲ್ಲ" ಎಂದೆ.

ನಿಂತೇ ಓದಿದೆ. ಕಂಡು ಎಂದು ಓದಿದೆ. ಮುಂದಿನ ಸಾಲನ್ನೂ ಓದಿದೆ. ಮೊರದ ಮೇಲೆ ಅವಳ ಬೆರಳು ನಿಂತಿತು. ಒಂದು ಗುಬ್ಬಿ ಬಂದು ಮೊರದ ಅಂಚಿನ ಅಕ್ಕಿ ತಿಂದು ಹೋಯಿತು, ಅವಳು ಓಡಿಸಲಿಲ್ಲ.

"ಇನ್ನೊಂದ್ ತಡವೆ ಓದು" ಎಂದಳು.

ಮದುವೆಯಾದಂದಿನಿಂದ ಅವಳು ನನಗೆ ಬಹುವಚನ ಬಿಟ್ಟು ಮಾತಾಡಿದ್ದಿಲ್ಲ. ಓದಿದೆ.

"ನನ್ನ ಕೇಳವ್ನೆ" ಎಂದಳು, ನನಗಲ್ಲ, ಮೊರಕ್ಕೆ. "ನನ್ನ ಸೊಲ್ಲು ಕೇಳವ್ನೆ."

ಅವಳ ಸೊಲ್ಲು ಏನಾಗಿರುತ್ತಿತ್ತು ಎಂದು ಕೇಳುವ ಹಕ್ಕು ನನಗಿರಲಿಲ್ಲ. ಕೇಳಲಿಲ್ಲ. ಅವಳು ಎದ್ದು, ಸೊಂಟ ಹಿಡಿದುಕೊಂಡು ಒಳಗೆ ಹೋದಳು. ಪೆಟ್ಟಿಗೆ ತೆಗೆದ ಸದ್ದಾಯಿತು. ಬಾಗಿಲಿಗೆ ಬಂದಾಗ ಕೈಯಲ್ಲಿ ಹಬ್ಬಕ್ಕಷ್ಟೇ ಉಡುವ ಸುಂಗಡಿ ಸೀರೆಯಿತ್ತು.

"ನಾಳೆ ನಾನೂ ಬತ್ತೀನಿ. ಆ ಸಾಲು ಬಿಟ್ಟು ಓದಿದ್ಯೋ, ಅಲ್ಲೇ ಎದ್ದು ನಾನೇ ಹೇಳ್ತೀನಿ. ನನಗೆ ಬಾಯಿಪಾಠ ಆಗದೆ."

ಈಗ ಜಗಲಿಯ ಮೇಲೆ ಕೂತು ಆ ಕಾಗದವನ್ನು ಕನ್ನಡ ಅಕ್ಷರದಲ್ಲಿ ನಕಲು ಮಾಡಿಕೊಳ್ಳುತ್ತಿದ್ದೇನೆ, ನಾಳೆ ತಡವರಿಸದಿರಲಿ ಎಂದು. ನಾಳೆ ಊರು ಏನೆನ್ನುತ್ತದೆ, ನಾಳಿದ್ದು ಈ ಮನೆಯಲ್ಲಿ ನನಗೆ ಕಾಪಿ ಕೊಡುವವರು ಯಾರು, ಒಂದೂ ತಿಳಿಯದು. ಆ ಸಾಲಿನ ಹತ್ತಿರ ಬಂದು ಲೇಖನಿ ನಿಂತಿದೆ. ಒಳಗೆ ಸೀರೆ ಮಡಿಸುತ್ತ ನಾಗಮ್ಮ ತನ್ನಷ್ಟಕ್ಕೆ ತಾನು ಹೇಳಿಕೊಳ್ಳುತ್ತಿದ್ದಾಳೆ: "ಮಾಮನ ಮನೆಗೆ ಹೋಗಿ ಕಂಡು ಮಾತಾಡು... ಅವಳ್ನೇ ಕೇಳಿ..." ಅಕ್ಷರ ಬಾರದ ಅವಳ ಬಾಯಲ್ಲಿ ಕ ಸ್ಪಷ್ಟವಾಗಿ ಕ ಆಗಿದೆ. ಅವಳು ಹೇಳಿದಂತೆಯೇ ಬರೆದುಕೊಳ್ಳುತ್ತಿದ್ದೇನೆ.