ಕ್ಯಾರವಾನಿನಲ್ಲಿ ಆಷಾಢ, ಆಷಾಢದಲ್ಲಿ ಕ್ರಿಸ್‌ಮಸ್

ಮದುವೆಯಾದ ಮೊದಲ ಆಷಾಢದಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ನಾನು ಪಕ್ಕದ ಮನೆಯವರ ಕ್ಯಾರವಾನಿಗೆ ಹೋದೆ. ಅದೂ ಎಲ್ಲಿ? ಅಡಿಲೇಡಿನ ಮಾಸನ್ ಲೇಕ್ಸ್‌ನಲ್ಲಿ, ಜುಲೈ ತಿಂಗಳ ಚಳಿಯಲ್ಲಿ, ನಮ್ಮದೇ ಅಡುಗೆಮನೆಯ ಕಿಟಕಿಗೆ ಎದುರಾಗಿ. ಈಗ ಯಾರಿಗೆ ಹೇಳಿದರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು, ಕಾಲು ಮಾತ್ರ ಮರಗಟ್ಟಿರುತ್ತಿತ್ತು.

ನಾವಿಬ್ಬರೂ ಮದುವೆಗೆ ಮೊದಲೇ ಆಸ್ಟ್ರೇಲಿಯಾದಲ್ಲಿದ್ದವರು. ಗಂಡ ಮಾಸನ್ ಲೇಕ್ಸ್‌ನಲ್ಲಿ ಎಂಜಿನಿಯರ್. ನಾನು ಬ್ರಿಸ್ಬೇನಿನ ಫೋರ್ಟಿಟ್ಯೂಡ್ ವ್ಯಾಲಿಯ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಅಲ್ಲಿ ಚಳಿಗಾಲವೆಂದರೆ ಸಂಜೆ ಹೊತ್ತು ಒಂದು ತೆಳು ಕಾರ್ಡಿಗನ್, ಅಷ್ಟೆ. ವೈಶಾಖದಲ್ಲಿ ಮೈಸೂರಿಗೆ ಹೋಗಿ ಮದುವೆಯಾಗಿ, ಅದೇ ಕಾರ್ಡಿಗನ್ ಹಾಕಿಕೊಂಡು ಅಡಿಲೇಡಿಗೆ ಬಂದಿಳಿದೆ. ಜಂಬದ ಕೋಳಿ ಅಂತ ನನ್ನಂಥವರಿಗೇ ಹೇಳುವುದು.

ಜೂನ್‌ನಲ್ಲಿ ಅತ್ತೆ ಬಂದರು. ಜುಲೈ ಮುಗಿಯುವ ಮೊದಲು ಪರ್ತ್‌ಗೆ ಹೋಗಿ, ವೆಲ್ಷ್‌ಪೂಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನಮ್ಮ ಭಾವನ ಮನೆಯಲ್ಲಿದ್ದು, ಅಲ್ಲಿಂದಲೇ ಬೆಂಗಳೂರಿಗೆ ವಾಪಸ್ ಹೋಗುವುದೆಂದು ಟಿಕೆಟ್ ಆಗಿತ್ತು. ನನ್ನ ಪಾಲಿಗೆ ಅವರು ಸಿಗುವುದು ಆ ಕೆಲವು ವಾರ ಮಾತ್ರ. ಗೆಳತಿಯರೆಲ್ಲ ಅತ್ತೆ ಯಾವಾಗ ಹೊರಡುತ್ತಾರೆಂದು ಕ್ಯಾಲೆಂಡರ್ ನೋಡುತ್ತಿದ್ದರೆ, ನಾನು ಅಯ್ಯೋ ಹೊರಟೇಬಿಡುತ್ತಾರಲ್ಲ ಎಂದು ನೋಡುತ್ತಿದ್ದೆ. ನನಗೆ ಅಮ್ಮ ಇಲ್ಲ. ಪಿಯುಸಿಯಲ್ಲಿದ್ದಾಗಲೇ ಹೋದರು. ಮದುವೆಯಾಗಿ ಹೊರಡುವಾಗ ತವರಿನಿಂದ ತುಂಬಬೇಕಾದ ಮಡಿಲಕ್ಕಿಯನ್ನು ನನಗೆ ತುಂಬಿದ್ದು ಎದುರು ಮನೆಯ ಆಂಟಿ. ಮಧ್ಯದಲ್ಲಿ ಅವರಿಗೆ ಫೋನ್ ಬಂತು. ಒಂದು ಕೈಯಲ್ಲಿ ಫೋನ್ ಹಿಡಿದು, ಗ್ಯಾಸ್ ಸಿಲಿಂಡರ್‌ನವನಿಗೆ ದಾರಿ ಹೇಳುತ್ತಾ, ಇನ್ನೊಂದು ಕೈಯಲ್ಲಿ ಅಕ್ಕಿ ಹಾಕಿ ಮುಗಿಸಿದರು. ಎಲ್ಲರ ಜೊತೆ ನಾನೂ ನಕ್ಕೆ. ಕಾರು ಹತ್ತಿದ ಮೇಲೆ ಅತ್ತುಬಿಟ್ಟೆ.

ಹಾಗಾಗಿ ನನಗೆ ಅತ್ತೆ ಬೇಕಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೆ ಬೇಕಿತ್ತು. ಬಂದ ಹೊಸದರಲ್ಲಿ ನನ್ನ ತಲೆಗೆ ಹರಳೆಣ್ಣೆ ತಟ್ಟಿದರು, ನನ್ನ ಸಾರು ಕುಡಿದು "ಬಿಸಿಯಾಗಿದೆ" ಎಂದು ಬಾಯ್ತುಂಬ ಹೊಗಳಿದರು. ಒಂದೇ ರಗ್ಗಿನೊಳಗೆ ಕಾಲು ಹಾಕಿಕೊಂಡು ಧಾರಾವಾಹಿ ನೋಡುತ್ತಿದ್ದೆವು. ಅಷ್ಟರಲ್ಲಿ ವಕ್ಕರಿಸಿತು ಆಷಾಢ.

"ನಾಳೆಯಿಂದ ಆಷಾಢ ಕಣಮ್ಮ," ಎಂದರು ಬೆಳಗಿನ ತಿಂಡಿಯ ಹೊತ್ತಿನಲ್ಲಿ. "ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟ್ಬಾರ್ದು. ಅಳಿಯ ಅತ್ತೆ ಮನೆ ಮೆಟ್ಟಿಲು ಹತ್ಬಾರ್ದು. ಹೊಸ ಗಂಡ ಹೆಂಡ್ತಿ ಒಟ್ಟಿಗೆ ಇರ್ಬಾರ್ದು. ನಾನು ಮಾಡಿದ್ದಲ್ಲಪ್ಪ, ಹಿಂದಿನಿಂದ ಬಂದಿದ್ದು."

ನಾನು ಸುಮ್ಮನಿರುವ ಜಾತಿಯಲ್ಲ. "ಅತ್ತೆ, ಆಷಾಢದಲ್ಲಿ ಬಸುರಾದ್ರೆ ಚೈತ್ರದ ಬಿಸಿಲಲ್ಲಿ ಬಾಣಂತನ ಕಷ್ಟ ಅಂತ ತಾನೆ ಹಾಗೆ ಮಾಡಿದ್ದು? ಇಲ್ಲಿ ಚೈತ್ರದಲ್ಲಿ ತಣ್ಣಗಿರುತ್ತೆ. ಈ ದೇಶದಲ್ಲಿ ಎಲ್ಲಾ ಉಲ್ಟಾ."

"ಬಿಸಿಲು ಉಲ್ಟಾ ಆದ್ರೆ ಶಾಸ್ತ್ರಾನೂ ಉಲ್ಟಾ ಆಗುತ್ತಾ? ಇಲ್ಲಿಗೆ ಬಂದ್ಮೇಲೆ ನೀವು ತಲೆ ಕೆಳಗೆ ಮಾಡ್ಕೊಂಡು ನಡೀತಿದೀರಾ?"

ಗಂಡ ತಲೆ ಎತ್ತಲಿಲ್ಲ. ಒಂದು ಟೋಸ್ಟಿಗೆ ಅಷ್ಟೊಂದು ಹೊತ್ತು ಬೆಣ್ಣೆ ಸವರಿದವರನ್ನು ನಾನು ಬೇರೆ ಕಂಡಿಲ್ಲ. ಅತ್ತೆ ಮುಂದುವರಿದು, "ಒಂದು ತಿಂಗಳು ತವರಿಗೆ..." ಎಂದವರು ತಟ್ಟನೆ ಬಾಯಿ ಮುಚ್ಚಿದರು. ಎದ್ದುಹೋಗಿ ಖಾಲಿ ಪಾತ್ರೆಯನ್ನು ಮತ್ತೊಮ್ಮೆ ತೊಳೆದರು. ನನಗೆ ತವರು ಎಂದು ಕಳಿಸುವಂಥ ಜಾಗವಿಲ್ಲವೆಂದು ಅವರಿಗೆ ಆ ಕ್ಷಣ ನೆನಪಾಗಿತ್ತು.

ಆಗ ಗಂಡ ಕಿಟಕಿಯಾಚೆ ನೋಡಿದ. ಪಕ್ಕದ ಮನೆಯ ಅಂಗಳದಲ್ಲಿ, ಗಾಲಿಯ ಮೇಲಿನ ಪುಟ್ಟ ಮನೆಯಂಥ ಬಿಳಿ ಕ್ಯಾರವಾನ್ ನಿಂತಿತ್ತು. ಆ ಮನೆಯ ಅಜ್ಜ ಅಜ್ಜಿ ಪ್ರತಿ ಚಳಿಗಾಲದಲ್ಲೂ ಅದನ್ನು ಕಾರಿಗೆ ಕಟ್ಟಿಕೊಂಡು ಬೆಟ್ಟದ ಕಡೆ ಹೋಗುತ್ತಿದ್ದರು. ಆ ವರ್ಷ ಅಜ್ಜನಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಗಾಡಿ ಮನೆಯಲ್ಲೇ ಉಳಿದಿತ್ತು. ಗಂಡ ಬೇಲಿಯ ಹತ್ತಿರ ಹೋಗಿ, ನನ್ನ ಅಮ್ಮ ಮತ್ತು ಹೆಂಡತಿ ಈ ತಿಂಗಳು ಒಂದೇ ಮನೆಯಲ್ಲಿ ಇರುವ ಹಾಗಿಲ್ಲ, ನಿಮ್ಮ ಕ್ಯಾರವಾನ್ ಕೊಡುತ್ತೀರಾ ಎಂದು ಕೇಳಿದ. ಅಷ್ಟೇ ಕೇಳಿದ, ಪುಣ್ಯಾತ್ಮ. ಆಷಾಢ ಎಂಬ ಮಾತನ್ನೇ ಎತ್ತಲಿಲ್ಲ. ಅಜ್ಜ ಇವನ ಹೆಗಲು ತಟ್ಟಿ, "ಗೊತ್ತಾಯ್ತು ಮೇಟ್, ಏನೂ ಹೇಳ್ಬೇಡ," ಎಂದು ಬೀಗದ ಕೈ ಕೊಟ್ಟರಂತೆ. ಒಂದೇ ಷರತ್ತು. ಜುಲೈ ತಿಂಗಳ ಕೊನೆಯ ಭಾನುವಾರ, ಪ್ರತಿ ವರ್ಷದಂತೆ, ಅವರ ಕ್ರಿಸ್‌ಮಸ್ ಊಟ ಕ್ಯಾರವಾನಿನಲ್ಲೇ ಆಗಬೇಕು.

ಜುಲೈನಲ್ಲಿ ಎಂಥ ಕ್ರಿಸ್‌ಮಸ್ ಅಂತೀರಾ? ಇಲ್ಲಿ ಡಿಸೆಂಬರ್ ಎಂದರೆ ಕೆಂಡದ ಬಿಸಿಲು. ಆ ಬಿಸಿಲಲ್ಲಿ ಒಲೆ ಹಚ್ಚಿ ರೋಸ್ಟ್ ಮಾಡಿ, ಬಿಸಿ ಪುಡ್ಡಿಂಗ್ ತಿನ್ನಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೇ ಕೆಲವರು ಚಳಿಗಾಲ ಬಂದಾಗ ಜುಲೈನಲ್ಲೇ ಇನ್ನೊಂದು ಕ್ರಿಸ್‌ಮಸ್ ಮಾಡಿಕೊಳ್ಳುತ್ತಾರೆ. ಇದನ್ನು ಕೇಳಿದ್ದೇ ತಡ, ನನ್ನ ಗಂಡನಿಗೆ ಧೈರ್ಯ ಬಂತು.

"ಅಮ್ಮಾ, ಅವ್ರು ಕ್ರಿಸ್‌ಮಸ್ಸನ್ನೇ ಜುಲೈಗೆ ಎಳ್ಕೊಂಡಿದಾರೆ. ನಾವು ಆಷಾಢಾನ ಡಿಸೆಂಬರ್‌ಗೆ ತಳ್ಳೋಣ."

"ಹಬ್ಬ ಎರಡು ಸಲ ಮಾಡಿದ್ರೆ ಯಾರು ಬೇಡ ಅಂತಾರೋ? ಆಷಾಢ ಮುಂದಕ್ಕೆ ಹಾಕೋಕೆ ಅದೇನು ನಿನ್ನ ಹಲ್ಲಿನ ಡಾಕ್ಟರ್ ಅಪಾಯಿಂಟ್‌ಮೆಂಟಾ?"

ಅಲ್ಲಿಗೆ ಮಾತು ಮುಗಿಯಿತು. ನಾನು ಲ್ಯಾಪ್‌ಟಾಪ್, ದಿಂಬು, ಉಪ್ಪಿನಕಾಯಿ ಬಾಟಲಿ ಹಿಡಿದು ಬೇಲಿಯಾಚೆ ಹೋದೆ. ಕ್ಯಾರವಾನಿನ ವೈಭವ ಕೇಳಿ. ಊಟದ ಮೇಜನ್ನು ಮಡಚಿದರೆ ಮಂಚ, ಮಂಚವನ್ನು ಮಡಚಿದರೆ ಆಫೀಸು. ಎದ್ದರೆ ತಲೆಗೆ ಕಪಾಟು ಹೊಡೆಯುತ್ತಿತ್ತು, ತಿರುಗಿದರೆ ಸೊಂಟಕ್ಕೆ ಸಿಂಕು. ಬೆಳಿಗ್ಗೆ ನನ್ನದೇ ಉಸಿರು ಸೂರಿಗೆ ಹತ್ತಿ, ನೀರಾಗಿ ನನ್ನ ಮೂಗಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹೀಟರ್ ಹಾಕಿ ಕೆಟಲ್ ಹಚ್ಚಿದರೆ ಕರೆಂಟೇ ಹೋಗುತ್ತಿತ್ತು. ಗಂಡ ಬೆಳಿಗ್ಗೆ ಆ ಕಡೆ ಈ ಕಡೆ ನೋಡಿ, ಕಿಟಕಿಯಿಂದ ಫಿಲ್ಟರ್ ಕಾಫಿಯ ಲೋಟ ತೂರಿಸಿ ಓಡಿಹೋಗುತ್ತಿದ್ದ. ಅಗ್ನಿಸಾಕ್ಷಿಯಾಗಿ ಕೈಹಿಡಿದ ಗಂಡ, ನೋಡಿದವರು ಏನೆಂದುಕೊಳ್ಳಬೇಕು!

ಅತ್ತೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಫೋನ್ ಮಾಡುತ್ತಿದ್ದರು. ನಾನು ಕ್ಯಾರವಾನಿನ ಕಿಟಕಿಯಲ್ಲಿ ನಿಂತು ಎತ್ತಿಕೊಳ್ಳುತ್ತಿದ್ದೆ. "ಹುಳಿಗೆ ಉಪ್ಪು ಸಾಕಾ? ಕಾಲುಚೀಲ ಹಾಕ್ಕೊಂಡಿದೀಯಾ? ಎಲ್ಲಿ, ಕಾಲು ಎತ್ತಿ ತೋರ್ಸು." ನಾನು ಕಿಟಕಿಯ ಎತ್ತರಕ್ಕೆ ಕಾಲೆತ್ತಿ ತೋರಿಸಿ ಸಿಂಕಿನ ಮೇಲೆ ಬಿದ್ದದ್ದೂ ಉಂಟು. ಫೋನ್ ಇಟ್ಟ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಕಿಟಕಿಯಲ್ಲೇ ನಿಂತಿರುತ್ತಿದ್ದೆವು. ಇರುವ ನಾಲ್ಕು ದಿನವೂ ಹೀಗೆ ಗಾಜಿನಾಚೆಯೇ ಕಳೆದುಹೋಗುತ್ತಿದೆಯಲ್ಲ ಎಂದು ನಾನು ಮತ್ತೆ ಕ್ಯಾಲೆಂಡರ್ ನೋಡುತ್ತಿದ್ದೆ.

ಇತ್ತ ಪಕ್ಕದ ಮನೆಯ ಅಜ್ಜಿ ಬೇರೆಯೇ ಕಥೆ ಕಟ್ಟಿಕೊಂಡಿದ್ದರು. ಮೊದಲ ದಿನ ಕುಂಬಳಕಾಯಿ ಸೂಪ್ ತಂದರು. ಮರುದಿನ ಬಿಸಿನೀರಿನ ಚೀಲ. ಆಮೇಲೆ ಒಂದು ದಿನ ನನ್ನ ಕೈ ಹಿಡಿದು, ಸೊಸೆಯನ್ನು ಹೀಗೆ ಚಳಿಗೆ ಹೊರಗೆ ಹಾಕುವುದು ಈ ದೇಶದಲ್ಲಿ ನಡೆಯುವುದಿಲ್ಲ, ನೀನು ಹೂಂ ಅನ್ನು, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದರು. ನಾನು ಗಾಬರಿಯಾಗಿ ಆಷಾಢ, ಹೊಸ್ತಿಲು, ತವರು ಎಂದೆಲ್ಲ ವಿವರಿಸಿದೆ. ನಮ್ಮತ್ತೆ ತುಂಬಾ ಒಳ್ಳೆಯವರು, ನನ್ನ ಒಳ್ಳೆಯದಕ್ಕೇ ಹೀಗೆ ಮಾಡಿದ್ದಾರೆ ಎಂದೆ. ಕೇಳುತ್ತಾ ಕೇಳುತ್ತಾ ಅಜ್ಜಿಯ ಕಣ್ಣಲ್ಲಿ ನೀರು ತುಂಬಿತು. ಹೊಡೆಸಿಕೊಂಡವರೆಲ್ಲ ಹೀಗೆಯೇ ಹೇಳುತ್ತಾರೆ ಎಂದು ಅವರ ಮುಖದಲ್ಲೇ ಬರೆದಿತ್ತು.

ಅಂದಿನಿಂದ ಬಟ್ಟೆ ಒಣಹಾಕುವಾಗ ಅಜ್ಜಿ ಅತ್ತೆಯನ್ನು ಕೆಕ್ಕರಿಸಿ ನೋಡತೊಡಗಿದರು. ಅತ್ತೆ ಪಾಪ, ಹಲ್ಲು ಬಿಟ್ಟು ಕೈ ಬೀಸುತ್ತಿದ್ದರು. "ಆಕೆಗೆ ಹೊಟ್ಟೆ ಸರಿ ಇಲ್ವೇನೇ? ಯಾವಾಗ್ಲೂ ಮುಖ ಗಂಟು ಹಾಕ್ಕೊಂಡಿರ್ತಾಳೆ," ಎಂದು ಫೋನಿನಲ್ಲಿ ನನ್ನನ್ನು ಕೇಳಿ, ಮಗನ ಕೈಯಲ್ಲಿ ಆಕೆಗೆ ಓಂಕಾಳಿನ ಕಷಾಯ ಕಳಿಸಿದರು. ಅಜ್ಜಿ ಅದನ್ನು ಮೂಸಿ ನೋಡಿ, ಮುಚ್ಚಳ ಭದ್ರ ಮಾಡಿ ಪಕ್ಕಕ್ಕಿಟ್ಟರಂತೆ. ವಿಷವೆಂದುಕೊಂಡರೋ ಏನೋ.

ಹೀಗೆ ಆ ಭಾನುವಾರ ಬಂತು. ಮರುದಿನ ಬೆಳಿಗ್ಗೆ ಅತ್ತೆಯ ಪರ್ತ್ ವಿಮಾನ. ಆಷಾಢ ಇನ್ನೂ ಮುಗಿದಿರಲಿಲ್ಲ. ಅಜ್ಜಿ ಕ್ಯಾರವಾನಿನ ಒಳಗೆಲ್ಲ ಬಣ್ಣದ ಕಾಗದ, ಸಣ್ಣ ದೀಪದ ಸರ ಕಟ್ಟಿ, ನನ್ನ ಮಂಚವನ್ನು ಮೇಜು ಮಾಡಿ ಕೆಂಪು ಬಟ್ಟೆ ಹಾಸಿದರು. ಅಜ್ಜ ಮತ್ತು ಗಂಡ ಹಿತ್ತಲಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ ಒಲೆ, ಹಚ್ಚಿ, ಒಂದು ಕಡೆ ಅವರ ಮಾಂಸ, ಇನ್ನೊಂದು ಕಡೆ ನಮ್ಮ ಆಲೂಗಡ್ಡೆ, ಜೋಳ ಇಟ್ಟುಕೊಂಡು ಹೊಗೆ ಕುಡಿಯುತ್ತಿದ್ದರು. ಅತ್ತೆ ರೇಷ್ಮೆ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ ತೊಟ್ಟು, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಬಂದರು. ಬಂದವರು ಒಳಗೆ ಹತ್ತಲಿಲ್ಲ. ಬಾಗಿಲಿನ ಹೊರಗೆ, ಮಳೆಗೆಂದು ಎಳೆದಿದ್ದ ಟಾರ್ಪಾಲಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಅಜ್ಜಿ ನನ್ನ ಕಡೆ ನೋಡಿದರು. ಕಂಡೆಯಾ, ನಿನ್ನ ಜೊತೆ ಕೂರುವುದಿಲ್ಲವಂತೆ, ಎಂಬ ನೋಟ.

ಹೇಗಾದರೂ ರಾಜಿ ಮಾಡಿಸಲೇಬೇಕೆಂದು ಅಜ್ಜಿ ಹಟ ತೊಟ್ಟಿದ್ದರು. ಕ್ರಿಸ್‌ಮಸ್ ಊಟದಲ್ಲಿ ಇಬ್ಬರು ಎರಡು ತುದಿ ಹಿಡಿದು ಎಳೆಯುವ ಕಾಗದದ ಪಟಾಕಿಯೊಂದನ್ನು ನನಗೂ ಅತ್ತೆಗೂ ಹಿಡಿಸಿದರು. ನಾನು ಒಳಗೆ, ಅತ್ತೆ ಹೊರಗೆ, ನಡುವೆ ಹೊಸ್ತಿಲು. ಎಳೆದದ್ದಕ್ಕೆ ಢಂ ಎಂದಿತು. "ಅಯ್ಯೋ ರಾಮ!" ಎಂದು ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. ಅದರೊಳಗಿದ್ದ ಕಾಗದದ ಕಿರೀಟವನ್ನು ಅಜ್ಜಿ ಅವರ ತಲೆಗೇರಿಸಿದರು. ಅತ್ತೆ ಜಡೆ ಸರಿಮಾಡಿಕೊಂಡು ಗಂಭೀರವಾಗಿ ಕೂತರು.

ಆಮೇಲೆ ಅಜ್ಜಿ ದೀಪ ಆರಿಸಿ, ಕಪ್ಪಗೆ ದುಂಡಗಿದ್ದ ಪುಡ್ಡಿಂಗಿನ ಮೇಲೆ ಬ್ರಾಂಡಿ ಸುರಿದು ಕಡ್ಡಿ ಗೀರಿದರು. ನೀಲಿ ಉರಿ ಎದ್ದಿತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರಿಗೂ ಕಾಣಲೆಂದು ಬಾಗಿಲಿಗೆ ತಂದರು. ಅತ್ತೆ ಥಟ್ಟನೆ ಚಪ್ಪಲಿ ಬಿಟ್ಟರು. ಹೊರಗಿನಿಂದಲೇ ಎರಡೂ ಕೈ ಚಾಚಿ, ಉರಿಯ ಮೇಲೆ ಹಿಡಿದು, ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡರು. ಇನ್ನೊಂದು ಸಲ ತೆಗೆದುಕೊಂಡು, ಹಿತ್ತಲಿನಿಂದ ಆಲೂಗಡ್ಡೆ ತಂದು ನಿಂತಿದ್ದ ಮಗನ ಕಣ್ಣಿಗೂ ಒತ್ತಿದರು. ನಗು ತಡೆಯಲಾರದೆ ನಾನು ಸಿಂಕಿನ ಕಡೆ ತಿರುಗಿದೆ. ಅಜ್ಜಿ ಮಾತ್ರ ನಗಲಿಲ್ಲ. ಉರಿ ಆರುವವರೆಗೂ ತಟ್ಟೆಯನ್ನು ಅಲ್ಲಾಡಿಸದೆ ಹಿಡಿದಿದ್ದರು. ಆಮೇಲೆ ಮೆಲ್ಲಗೆ ನನಗೆ, ಇಷ್ಟು ಒಳ್ಳೆಯ ಮನಸ್ಸಿನ ಹೆಂಗಸು ನಿನ್ನನ್ನು ಯಾಕೆ ಮನೆಯಿಂದ ಓಡಿಸಿದಳೆಂದು ಕೇಳು ಎಂದರು.

ನಾನು ಹೇಳಿಬಿಟ್ಟೆ. "ಅತ್ತೆ, ನೀವು ನನ್ನನ್ನ ಮನೆಯಿಂದ ಓಡಿಸಿದೀರಿ ಅಂತ ಇವ್ರು ಅಂದ್ಕೊಂಡಿದಾರೆ."

ಅತ್ತೆಯ ಮುಖ ಬಾಡಿಹೋಯಿತು. "ನಾನಾ? ಈ ಮಗೂನಾ?" ಎಂದರು. ಕಿರೀಟದ ಸಮೇತ ಎದ್ದು ಸೆರಗು ಸಿಕ್ಕಿಸಿಕೊಂಡರು. ಚೀಲ ಎತ್ತಿಕೊಂಡರು. ಬಲಗಾಲಿಟ್ಟು ಕ್ಯಾರವಾನ್ ಹತ್ತಿಯೇಬಿಟ್ಟರು.

"ಅತ್ತೆ, ಹೊಸ್ತಿಲು!" ಎಂದೆ. ಇಷ್ಟು ದಿನ ಬೈದುಕೊಂಡವಳು ನಾನೇ, ಈಗ ನೆನಪಿಸುವವಳೂ ನಾನೇ.

"ಅತ್ತೆ ಹೊರಗಡೇನೇ ಕೂತಿದಾಳೆ ಅಂದ್ಕೋ. ನಾನು ನಿಮ್ಮಮ್ಮನ ಬದಲಿಗೆ ಬಂದಿದೀನಿ. ಆಷಾಢದಲ್ಲಿ ನೀನಿರೋ ಮನೆ ನಿನಗೆ ತವರು ತಾನೆ? ತಾಯಿಗೆ ಎಲ್ಲಿಯ ಹೊಸ್ತಿಲು? ಮಡಿಲು ಒಡ್ಡು."

ಚೀಲದಿಂದ ಕ್ರಿಸ್‌ಮಸ್ ಕಾಗದ ಸುತ್ತಿದ ಪೊಟ್ಟಣ ತೆಗೆದರು. ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಅರಿಸಿನ ಕುಂಕುಮ, ಎಲೆ ಅಡಿಕೆ, ಹಸಿರು ರವಿಕೆ ಕಣ. ಓಡಿಸಿದ ಮಾತು ಬರುವ ಮೊದಲೇ, ಯಾವಾಗಲೋ ಹೋಗಿ ಎಲ್ಲ ತಂದಿಟ್ಟುಕೊಂಡಿದ್ದರು. ಮಡಿಲು ಒಡ್ಡಲು ನನ್ನ ಹತ್ತಿರ ಸೆರಗೆಲ್ಲಿ? ಟ್ರ್ಯಾಕ್ ಪ್ಯಾಂಟಿನಲ್ಲಿ ಪೆದ್ದುಪೆದ್ದಾಗಿ ನಿಂತಿದ್ದೆ. ಏನು ಅರ್ಥವಾಯಿತೋ, ಅಜ್ಜಿ ತಮ್ಮ ಸೊಂಟದಲ್ಲಿದ್ದ ಹಿಮಸಾರಂಗದ ಚಿತ್ರದ ಏಪ್ರನ್ ಬಿಚ್ಚಿ ನನಗೆ ಕಟ್ಟಿದರು. ಅತ್ತೆ ಎರಡೂ ಕೈ ತುಂಬಿ, ನಿಧಾನವಾಗಿ, ಒಂದು ಕಾಳೂ ಚೆಲ್ಲದಂತೆ ಮಡಿಲಕ್ಕಿ ತುಂಬಿದರು. ಇದೇನೆಂದು ಅಜ್ಜಿ ಕೇಳಿದರು. ಮಗಳಿಗೆ ಅಮ್ಮ ಕೊಡುವುದು ಎಂದು ಹೇಳಲು ಹೋಗಿ ನನಗೆ ಅಳು ಒತ್ತರಿಸಿ ಬಂತು. ಅಜ್ಜಿ ಮೂಗು ಒರೆಸಿಕೊಂಡರು. ಆಮೇಲೆ ತಮ್ಮ ಮನೆಗೆ ಹೋಗಿ, ಪಕ್ಕಕ್ಕಿಟ್ಟಿದ್ದ ಓಂಕಾಳಿನ ಕಷಾಯ ತಂದು, ಅತ್ತೆಯ ಎದುರಿಗೇ ಒಂದು ಗುಟುಕು ಕುಡಿದು ಕೆಮ್ಮಿದರು.

ಸಂಜೆ ಅತ್ತೆ ಮನೆಗೆ ಹೋಗಿ ತಮ್ಮ ದಿಂಬು, ಹೊದಿಕೆ ತಂದರು. ಮಗಳನ್ನು ನೋಡಲು ಬಂದವರು ಒಂದು ರಾತ್ರಿಯಾದರೂ ಇರದೆ ಹೋಗಬಾರದಂತೆ. ನಾವಿಬ್ಬರೂ ಅಂಗೈಯಗಲದ ಮಂಚದಲ್ಲಿ ಒಂದೇ ರಗ್ಗಿನೊಳಗೆ ಕಾಲು ತೂರಿಸುತ್ತಿದ್ದಾಗ ಗಂಡ ಬಾಗಿಲಿಗೆ ಬಂದ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬನೇ ಏನು ಮಾಡಲಿ, ನಾನೂ ಇಲ್ಲೇ ಎಲ್ಲಾದರೂ ಮೂಲೆಯಲ್ಲಿ ಕೂರುತ್ತೇನೆ ಎಂದು ಒಂದು ಕಾಲು ಮೆಟ್ಟಿಲ ಮೇಲಿಟ್ಟ.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಆಷಾಢದಲ್ಲಿ ಅಳಿಯಂದ್ರು ಅತ್ತೆ ಮನೆ ಮೆಟ್ಟಿಲು ಹತ್ಬಾರ್ದು. ಹೋಗಪ್ಪ," ಎಂದು ಬಾಗಿಲು ಹಾಕಿಕೊಂಡರು.