ಪಟ್ಟಿಯ ಒಂದನೇ ನಂಬರು

2023ರ ಚಳಿಗಾಲದಲ್ಲಿ ನಾನು ಮುಂಬೈಯ ವಡಾಲದ ಒಂದು ಪ್ಯಾಕರ್ಸ್ ಅಂಡ್ ಮೂವರ್ಸ್ ಕಂಪನಿಯಲ್ಲಿ ಸೀನಿಯರ್ ಸರ್ವೇಯರ್ ಆಗಿದ್ದೆ. ನಿವೃತ್ತಿಗೆ ಎಂಟು ತಿಂಗಳು ಬಾಕಿ ಇತ್ತು. ಸರ್ವೇಯರ್ ಎಂದರೆ ಹೊಲ ಅಳೆಯುವವನಲ್ಲ. ಮನೆ ಬದಲಿಸುವವರ ಬಳಿಗೆ ಮುಂಚಿತವಾಗಿ ಹೋಗಿ, ಒಂದೊಂದೇ ಸಾಮಾನನ್ನು ಪಟ್ಟಿ ಮಾಡಿ, ಎಷ್ಟು ಆಳು ಬೇಕು, ಯಾವ ಅಳತೆಯ ಟೆಂಪೋ ಬೇಕು, ಎಷ್ಟು ಹೊತ್ತು, ಎಷ್ಟು ರೂಪಾಯಿ ಎಂದು ಅಂದಾಜು ಕೊಡುವವನು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಪಾಪ, ಅವರು ಮುಂಬೈಯಲ್ಲಿ ಮನೆ ಖಾಲಿ ಮಾಡಿ ನೋಡಿರಲಿಲ್ಲ. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ ನನಗೆ ನನ್ನ ಲೆಕ್ಕದ ಮೇಲೆ ಸ್ವಲ್ಪ ಹೆಚ್ಚೇ ಜಂಬವಿತ್ತು.

ಆ ದಿನಗಳಲ್ಲಿ ಭಾವುಚಾ ಧಕ್ಕಾದ ಹತ್ತಿರದ, ಸಾಲುಕೋಣೆಗಳ ಹಳೆ ಕಟ್ಟಡವಾದ ಒಂದು ಚಾಳ್‌ನಿಂದ ಕರೆ ಬಂತು. ಧಕ್ಕಾ ಎಂದರೆ ನಮ್ಮ ನಗರದ ಪೂರ್ವದಂಡೆಯ ಹಡಗುಕಟ್ಟೆ. ಕೊಲ್ಲಿಯ ಆಚೆಯ ಊರುಗಳಿಗೆ ಹೋಗುವ ಲಾಂಚ್‌ಗಳು ಅಲ್ಲಿಂದಲೇ ಹೊರಡುತ್ತವೆ. ಮೀನಿನ ದೋಣಿಗಳೂ ಅಲ್ಲಿಗೇ ಬರುತ್ತವೆ. ಕರೆ ಮಾಡಿದವರು ಸುಂದರಿ ದೇವಾಡಿಗ, ಉಡುಪಿ ಕಡೆಯವರು. ಗಂಡ ಸಂಜೀವಣ್ಣ ಮೂವತ್ತು ವರ್ಷ ಧಕ್ಕಾದ ಬಾಯಲ್ಲೇ ಚಹಾ ಮತ್ತು ಉಸಳ್ ಎಂಬ ಕಾಳಿನ ಪಲ್ಯದ ಸಣ್ಣ ಹೋಟೆಲು ನಡೆಸಿದವರು. ಒಲೆಯ ಹೊಗೆಯೋ ಲಾಂಚ್‌ಗಳ ಡೀಸೆಲ್ ಹೊಗೆಯೋ, ಅವರ ಶ್ವಾಸಕೋಶ ಪೂರ್ತಿ ಸೋತಿತ್ತು. ಎರಡು ವರ್ಷದಿಂದ ಹಾಸಿಗೆಯಲ್ಲೇ ಇದ್ದರು. ಅವರ ಪಕ್ಕದಲ್ಲಿ ಕಾನ್ಸನ್‌ಟ್ರೇಟರ್ ಎಂಬ ಯಂತ್ರ ಹಗಲೂ ರಾತ್ರಿ ಗುರ್ ಎನ್ನುತ್ತಿತ್ತು. ಕೋಣೆಯ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ನಳಿಗೆಯಲ್ಲಿ ಮೂಗಿಗೆ ಕಳಿಸುವ ಯಂತ್ರವದು. ಕರೆಂಟ್ ಇಲ್ಲದಿದ್ದರೆ ಅದು ಬರೀ ಡಬ್ಬ.

ಆ ಚಾಳ್ ವಾಸಕ್ಕೆ ಅಪಾಯಕಾರಿ ಎಂದು ನೋಟಿಸ್ ಬಂದಿತ್ತು. ಗುರುವಾರ ಬೆಳಿಗ್ಗೆ ನೀರು, ಕರೆಂಟು ಎರಡೂ ಕಡಿತ. ಆದ್ದರಿಂದ ಬುಧವಾರದೊಳಗೆ ನಗರದ ಉತ್ತರ ತುದಿಯ ದಹಿಸರ್‌ನ ಬಾಡಿಗೆ ಮನೆಗೆ ಹೋಗಲೇಬೇಕು. ಹೋಗದಿದ್ದರೆ ಸಂಜೀವಣ್ಣನ ಯಂತ್ರ ನಿಲ್ಲುತ್ತದೆ. ದಾದರ್‌ನ ಆಫೀಸೊಂದರಲ್ಲಿ ಕೆಲಸ ಮಾಡುವ ಮಗಳು ಪ್ರಜ್ಞಾ ಇದನ್ನೆಲ್ಲ ಅರ್ಧ ಹಿಂದಿಯಲ್ಲಿ, ಅರ್ಧ ತಡವರಿಸುವ ಕನ್ನಡದಲ್ಲಿ ನನಗೆ ವಿವರಿಸಿದಳು. ಸಂಜೀವಣ್ಣ ನನ್ನ ಊರು ಕೇಳಿದರು. ಕುಂದಾಪುರ ಎಂದೆ. ಉಸಿರು ಎಳೆದುಕೊಂಡು ನಕ್ಕು, ಹಾಗಾದರೆ ರೇಟಿನಲ್ಲಿ ಮೋಸವಾಗುವುದು ಗ್ಯಾರಂಟಿ ಎಂದರು. ಮನುಷ್ಯ ನನಗೆ ಹಿಡಿಸಿಬಿಟ್ಟ.

ನನ್ನ ಮೊದಲ ಅಂದಾಜು ಮೂವತ್ತನಾಲ್ಕು ಸಾವಿರದ ಐನೂರು. ಹದಿನಾಲ್ಕು ಅಡಿಯ ಟೆಂಪೋಗೆ ಎಂಟೂವರೆ ಸಾವಿರ. ಲಿಫ್ಟ್ ಇಲ್ಲದ ಮೂರನೇ ಮಹಡಿಯಾದ್ದರಿಂದ ಆರು ಆಳಿಗೆ ಒಂಬತ್ತು ಸಾವಿರ. ಪ್ಯಾಕಿಂಗ್ ಸಾಮಗ್ರಿಗೆ ಐದೂವರೆ, ಪಾರ್ಕಿಂಗ್ ಮುಂತಾದ ಚಿಲ್ಲರೆ ಖರ್ಚಿಗೆ ಎರಡು. ರೋಗಿಗೆ ಆಂಬುಲೆನ್ಸ್, ಐದು ಸಾವಿರ. ಕೊನೆಯದಾಗಿ ಒಂದು ಚಿಕ್ಕ ಟೆಂಪೋ, ನಾಲ್ಕೂವರೆ ಸಾವಿರ. ಹೊಸ ಮನೆಯಲ್ಲಿ ಮೊದಲು ಬೇಕಾಗುವ ಮಂಚ, ಒಲೆ, ಈ ಯಂತ್ರ, ಇಷ್ಟನ್ನು ಮುಂದಾಗಿ ಕೊಂಡೊಯ್ಯಲು ಅದು.

ಸುಂದರಕ್ಕನ ಕೈಯಲ್ಲಿ ಇದ್ದದ್ದು ಇಪ್ಪತ್ತೈದು ಸಾವಿರ. ಆಕೆ ಚೌಕಾಸಿ ಮಾಡಲಿಲ್ಲ. ಇಷ್ಟೇ ಉಂಟು ಎಂದರು. ನಮ್ಮ ಕಡೆಯವರೆಂಬ ಮಮತೆಯಿಂದ ನಾನು ಅಲ್ಲೇ ಕೂತು, ಅಳೆದೂ ಸುರಿದೂ ಖರ್ಚು ಕಡಿಮೆ ಮಾಡಿದೆ. ಕಾಗದ, ಬಬಲ್ ರ‍್ಯಾಪ್ ಬದಲಿಗೆ ಹಳೆ ಸೀರೆಗಳನ್ನು ಬಳಸಿ ಒಂದೂವರೆ ಸಾವಿರ ಉಳಿಸಿದೆ. ಆಂಬುಲೆನ್ಸ್ ತೆಗೆದು ಟ್ಯಾಕ್ಸಿ ಮತ್ತು ಬಾಡಿಗೆಯ ಸಣ್ಣ ಆಕ್ಸಿಜನ್ ಸಿಲಿಂಡರ್ ಸೇರಿಸಿ ಒಂದೂವರೆ ಸಾವಿರಕ್ಕೆ ಇಳಿಸಿದೆ. ಚಿಕ್ಕ ಟೆಂಪೋ ಪೂರ್ತಿ ತೆಗೆದುಹಾಕಿದೆ. ಸರಿಯಾಗಿ ಇಪ್ಪತ್ತೈದು ಸಾವಿರಕ್ಕೆ ಬಂದು ನಿಂತಿತು. ಆಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ಕಾಗದವನ್ನು ಆಫೀಸಿನಲ್ಲಿ ಇಬ್ಬರಿಗೆ ತೋರಿಸಿದೆ.

ಆ ರಸ್ತೆಯ ಸ್ವಭಾವವನ್ನೂ ಹೇಳಬೇಕು. ಬೆಳಿಗ್ಗೆ ಹನ್ನೊಂದರವರೆಗೆ ಮೀನಿನ ಗಾಡಿಗಳದ್ದೇ ರಾಜ್ಯ; ನಮ್ಮ ಟೆಂಪೋ ಒಳಗೆ ಬರುವ ಹಾಗೇ ಇಲ್ಲ. ಮಧ್ಯಾಹ್ನ ಒಂದೂವರೆಯ ನಂತರ ಲಾಂಚ್‌ನ ಪ್ರಯಾಣಿಕರು, ಟ್ಯಾಕ್ಸಿಗಳು, ಕೈಗಾಡಿಗಳು. ನಡುವೆ ಎರಡೂವರೆ ತಾಸು ಮಾತ್ರ ರಸ್ತೆ ಉಸಿರಾಡುತ್ತದೆ. ಆದ್ದರಿಂದ ನನ್ನ ಯೋಜನೆ ಹೀಗಿತ್ತು: ಬೆಳಿಗ್ಗೆ ಪ್ಯಾಕಿಂಗ್, ಹನ್ನೊಂದೂವರೆಗೆ ಲೋಡಿಂಗ್ ಶುರು, ಒಂದು ಗಂಟೆಗೆ ಮುಕ್ತಾಯ. ಅಲ್ಲಿಯವರೆಗೆ ಸಂಜೀವಣ್ಣ ಮೇಲೆ ಯಂತ್ರದ ಜೊತೆಗೇ ಇರುತ್ತಾರೆ. ಕೊನೆಗೆ ಯಂತ್ರ ಆರಿಸಿ, ಸಿಲಿಂಡರ್ ಹಚ್ಚಿ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿ ಟ್ಯಾಕ್ಸಿಗೆ ಹಾಕುವುದು. ಯಂತ್ರ ಟೆಂಪೋದ ಬಾಗಿಲ ಬಳಿ. ದಹಿಸರ್‌ಗೆ ಒಂದೂವರೆ ಗಂಟೆ. ಸಿಲಿಂಡರ್ ಸಾಮಾನ್ಯ ಹರಿವಿನಲ್ಲಿ ಮೂರು ಗಂಟೆ ಬರುತ್ತದೆ ಎಂದು ಬಾಡಿಗೆ ಕೊಟ್ಟವನು ಹೇಳಿದ್ದ. ಅಂದರೆ ನನ್ನ ಬಳಿ ಒಂದೂವರೆ ಗಂಟೆ ಮಿಕ್ಕಿತ್ತು.

ಪಟ್ಟಿ ಬರೆಯುವಾಗ ಬಾಗಿಲಿಗೆ ಹತ್ತಿರದ ಕೋಣೆಯಿಂದ ಶುರು ಮಾಡುವುದು ನನ್ನ ಅಭ್ಯಾಸ. ಸಂಜೀವಣ್ಣ ಮಲಗಿದ್ದದ್ದು ಅಲ್ಲಿಯೇ. ಹಾಗಾಗಿ ಒಂದನೇ ನಂಬರು: ಮೆಡಿಕಲ್ ಮಷೀನ್, ಒಂದು, ನಾಜೂಕು. ಎರಡನೆಯದು ಮಂಚ. ನಮ್ಮ ಹಮಾಲರಿಗೆ ಪಟ್ಟಿಯೇ ವೇದ. ಅದರ ಕ್ರಮದಲ್ಲೇ ಅವರು ಟೆಂಪೋ ತುಂಬುತ್ತಾರೆ. ಮೊದಲು ಹೋದದ್ದು ಎಲ್ಲಕ್ಕಿಂತ ಒಳಗೆ, ಕೊನೆಗೆ ಹೋದದ್ದು ಬಾಗಿಲಲ್ಲಿ. ಯಂತ್ರ ಕೊನೆಯವರೆಗೂ ಓಡುತ್ತಲೇ ಇರುತ್ತದಾದ್ದರಿಂದ ಒಂದನೇ ನಂಬರಾದರೂ ಅದು ಕೊನೆಗೇ ಬರುತ್ತದೆ ಎಂದು ನಾನು ಆ ಬಗ್ಗೆ ಯೋಚಿಸಲೇ ಇಲ್ಲ.

ಬುಧವಾರ ಹನ್ನೊಂದು ಗಂಟೆಗೆ ಸುಂದರಕ್ಕ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸುತ್ತ ನನ್ನನ್ನು ಕರೆದರು.

"ಹನ್ನೆರಡಕ್ಕೆ ರಾಹುಕಾಲ ಸುರು ಆಗ್ತದೆ. ಹುಷಾರಿಲ್ಲದ ಜೀವವನ್ನು ಆಗ ಹೊಸ್ತಿಲು ದಾಟಿಸುವುದು ಬೇಡ. ಇವರನ್ನು ಮೊದಲೇ ಇಳಿಸಿ ಬಿಡಿ."

ಬೇರೆ ಗಿರಾಕಿಯಾಗಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆನೋ ಏನೋ. ಆದರೆ ನನ್ನ ತಾಯಿಯೂ ರಾಹುಕಾಲದಲ್ಲಿ ಅಂಗಳಕ್ಕೆ ಕಾಲಿಟ್ಟವಳಲ್ಲ. ನನಗೆ ಅದು ವಾದ ಮಾಡುವ ವಿಷಯವೆಂದೇ ಅನಿಸಲಿಲ್ಲ. ಆಯಿತು ಅಕ್ಕ ಎಂದೆ. ಹನ್ನೊಂದೂವರೆಗೆ ಸಿಲಿಂಡರ್ ಹಚ್ಚಿ, ನಾಲ್ಕು ಜನ ಸಂಜೀವಣ್ಣನನ್ನು ಕುರ್ಚಿಯಲ್ಲಿ ಹೊತ್ತು ಇಳಿಸಿದರು. ಟ್ಯಾಕ್ಸಿಯನ್ನು ಆಗಲೇ ಕಳಿಸಿಬಿಡೋಣವೆಂದರೆ ದಹಿಸರ್‌ನಲ್ಲಿ ಯಂತ್ರವಿಲ್ಲದೆ ಅವರು ಮಾಡುವುದೇನು? ಟೆಂಪೋ ಜೊತೆಗೇ ಹೊರಡಲಿ ಎಂದು ನೆರಳಲ್ಲಿ ನಿಲ್ಲಿಸಿದೆ. ಎರಡೂವರೆಗೆ ತಲುಪಿದರೆ ಸಿಲಿಂಡರ್ ಸರಿಹೋಗುತ್ತದೆ ಎಂದು ಬಾಯಲ್ಲೇ ಲೆಕ್ಕ ಹಾಕಿದೆ. ಮಿಕ್ಕಿದ್ದ ಒಂದೂವರೆ ಗಂಟೆಯನ್ನು ನಾನೇ ಖರ್ಚು ಮಾಡಿದ್ದೆ. ಕೆಳಮಹಡಿಯಲ್ಲಿ ಇನ್ನೂ ಒಂದು ಸಂಸಾರವಿತ್ತು; ಅವರ ಮನೆಯ ಪ್ಲಗ್ಗಿಗೆ ಯಂತ್ರ ಹಚ್ಚಿ ಅಲ್ಲೇ ಕೂರಿಸಬಹುದಿತ್ತು. ಅದೂ ಹೊಳೆಯಲಿಲ್ಲ.

ಮೇಲೆ ಮುಕಾದಮ ಮಲ್ಲಪ್ಪ, ಅಂದರೆ ಹಮಾಲರ ಮುಖ್ಯಸ್ಥ, ಪಟ್ಟಿ ಬಿಡಿಸಿ ಲೋಡಿಂಗ್ ಶುರು ಮಾಡಿದ್ದ. ವಿಜಯಪುರ ಜಿಲ್ಲೆಯವನು, ಹದಿನೈದು ವರ್ಷದ ಅನುಭವಿ. ಒಂದನೇ ನಂಬರಿನ ಯಂತ್ರ ಆರಿಸಿಟ್ಟು ಸಿದ್ಧವಾಗಿ ಕಂಡಿತು. ನಾಜೂಕು ಎಂದು ಬರೆದದ್ದರಿಂದ ಎರಡು ಗಾದಿ ಸುತ್ತಿ, ಅಲುಗಾಡದ ಹಾಗೆ ಟೆಂಪೋದ ತೀರಾ ಒಳಗಿನ ಮೂಲೆಯಲ್ಲಿ ಕಟ್ಟಿದ. ಅದರ ಮುಂದೆ ಮಂಚ, ಕಪಾಟು, ಫ್ರಿಜ್. ಅವನು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿದ. ನಾನು ಆ ಹೊತ್ತಿನಲ್ಲಿ ಪಾರ್ಕಿಂಗ್ ವಿಷಯವಾಗಿ ಯಾರ ಜೊತೆಗೋ ಜಗಳವಾಡುತ್ತಿದ್ದೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ಹೊರಟೆವು. ಅಷ್ಟರಲ್ಲಿ ಧಕ್ಕಾದ ಕಡೆಯಿಂದ ಜನ ನುಗ್ಗಿ ಬಂದರು. ಬೆಳಗಿನ ಮಂಜಿಗೆ ತಡೆದು ನಿಂತಿದ್ದ ಲಾಂಚ್‌ಗಳು ಒಂದರ ಹಿಂದೊಂದು ಬಂದು ಸೇರಿದ್ದವಂತೆ. ಒಂದೂವರೆಯ ನಂತರ ಬರಬೇಕಾದ ನೂಕುನುಗ್ಗಲು ಮುಂಚೆಯೇ ಬಂದುಬಿಟ್ಟಿತ್ತು. ಟ್ಯಾಕ್ಸಿಗಳು ಅಡ್ಡಡ್ಡ ನಿಂತವು. ನಮ್ಮ ಟೆಂಪೋ ನೂರು ಹೆಜ್ಜೆ ಹೋಗಿ ನಿಂತಿತು. ಹಿಂದೆ ಸಂಜೀವಣ್ಣ, ಸುಂದರಕ್ಕ, ಪ್ರಜ್ಞಾ ಕೂತಿದ್ದ ಟ್ಯಾಕ್ಸಿ.

ಪ್ರಜ್ಞಾ ಇಳಿದು ಓಡಿ ಬಂದಳು. "ಅಂಕಲ್, ಸಿಲಿಂಡರ್ ಕಾ ಕಾಟಾ ರೆಡ್ ಮೇ ಹೈ. ಪಪ್ಪಾಗೆ ದಮ್ ಬಂತು, ಮೈನೇ... ನಾನು ಜಾಸ್ತಿ ಮಾಡಿದೆ."

ಸಿಲಿಂಡರಿನ ಮುಳ್ಳು ಕೆಂಪಿಗಿಳಿದಿತ್ತು. ಮೆಟ್ಟಿಲು ಇಳಿಸಿದ ಕುಲುಕಾಟಕ್ಕೆ ತಂದೆಗೆ ಏದುಸಿರು ಬಂದಾಗ ಅವಳು ಹರಿವನ್ನು ಎರಡರಷ್ಟು ಮಾಡಿದ್ದಳು. ಯಾವ ಮಗಳಾದರೂ ಅದನ್ನೇ ಮಾಡುತ್ತಿದ್ದಳು. ಮೂರು ಗಂಟೆ ಬರಬೇಕಾದದ್ದು ಎರಡು ಗಂಟೆಯೊಳಗೆ ಮುಗಿಯುತ್ತ ಬಂದಿತ್ತು. ಸಂಜೀವಣ್ಣ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ತುಟಿ ಕಪ್ಪಾಗುತ್ತಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿದೆವು. ದೊಡ್ಡ ರಸ್ತೆಯ ತನಕ ಬರುತ್ತೇವೆ, ಒಳಗೆ ಬರಲಾಗದು ಎಂದರು. ಎದುರಿಗೇ ಒಂದು ಚಹಾದಂಗಡಿ, ಅಲ್ಲಿ ಕರೆಂಟು ಇತ್ತು. ಯಂತ್ರ ಸಿಕ್ಕರೆ ಸಾಕು. ಮಷೀನ್ ತೆಗೆ ಎಂದು ಮಲ್ಲಪ್ಪನಿಗೆ ಕೂಗಿದೆ.

ಅವನು ಟೆಂಪೋದ ಬಾಗಿಲು ತೆರೆದು ನನ್ನ ಮುಖ ನೋಡಿದ. "ಸಾಹೇಬ್ರ, ಅದು ಎಲ್ಲಾಕ್ಕಿಂತ ಒಳಗ ಐತ್ರಿ. ನೀವ ಒಂದನೇ ನಂಬರ ಬರದೀರಿ."

ಮುಂದಿನ ಇಪ್ಪತ್ತು ನಿಮಿಷವನ್ನು ನಾನು ಮರೆಯಲಾರೆ. ಆರು ಜನ ಸೇರಿ ಒಂದು ಇಡೀ ಸಂಸಾರವನ್ನು ನಡುರಸ್ತೆಗೆ ಇಳಿಸಿದರು. ಪಾತ್ರೆಯ ಮೂಟೆ, ಹಿಟ್ಟಿನ ಡಬ್ಬ, ಫ್ರಿಜ್, ಕಪಾಟು. ಪ್ರಯಾಣಿಕರು ಬಯ್ಯುತ್ತ ದಾಟಿಕೊಂಡು ಹೋದರು. ಯಂತ್ರವನ್ನು ತಂದು ಚಹಾದಂಗಡಿಯ ಪ್ಲಗ್ಗಿಗೆ ಹಚ್ಚುವಾಗ ಸಿಲಿಂಡರ್ ಖಾಲಿಯಾಗಿ ಕಾಲು ಗಂಟೆಯ ಹತ್ತಿರವಾಗಿತ್ತು. ಸ್ವಲ್ಪ ಹೊತ್ತು ಅವರ ಉಸಿರು ಮರಳಿದ ಹಾಗೆ ಕಂಡಿತು, ಆದರೆ ಕಣ್ಣು ಬಿಡಲಿಲ್ಲ. ಮೀನಿನವರೊಬ್ಬರ ಕೈಗಾಡಿಯಲ್ಲಿ ಮಲಗಿಸಿ, ಜನರ ನಡುವೆ ದಾರಿ ಮಾಡಿಕೊಂಡು ಆಂಬುಲೆನ್ಸ್‌ಗೆ ಮುಟ್ಟಿಸಿದೆವು. ಸಂಜೆ ಐದು ಗಂಟೆಗೆ ಆಸ್ಪತ್ರೆಯಲ್ಲಿ ಸಂಜೀವಣ್ಣ ತೀರಿಹೋದರು.

ಸಾಮಾನು ದಹಿಸರ್ ಸೇರಿತು. ಆಫೀಸಿನಲ್ಲಿ ಕೇಳಿದಾಗ ಟ್ರಾಫಿಕ್ ಕಾರಣ ಎಂದು ಬರೆದುಕೊಟ್ಟೆ. ಮಂಜು, ಲಾಂಚ್, ರಸ್ತೆ. ಬರೆದದ್ದರಲ್ಲಿ ಒಂದೂ ಸುಳ್ಳಲ್ಲ. ಮಲ್ಲಪ್ಪ ಆ ಕಾಗದ ನೋಡಿ, ಮಡಿಸಿ ನನ್ನ ಕೈಗೇ ಕೊಟ್ಟ. ಅವನು ಒಂದು ಮಾತು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಪ್ಪತ್ತನೇ ದಿನ ಪ್ರಜ್ಞಾಳ ಫೋನ್ ಬಂತು. ಮಮ್ಮಿ ಊಟ ಬಿಟ್ಟಿದ್ದಾರೆ, ನನ್ನ ಹಟದಿಂದಲೇ ಅವರು ಹೋದರು ಎನ್ನುತ್ತ ಕೂತಿರುತ್ತಾರೆ, ನೀವು ಅವರ ಭಾಷೆಯವರು, ಬಂದು ಸಮಾಧಾನ ಹೇಳಿ ಎಂದಳು. ಹೋದೆ. ದಹಿಸರ್‌ನ ಆ ಒಂದು ಕೋಣೆಯಲ್ಲಿ ಅರ್ಧ ಮೂಟೆಗಳು ಇನ್ನೂ ಬಿಚ್ಚಿರಲಿಲ್ಲ. ಸುಂದರಕ್ಕ ಗೋಡೆಗೆ ಒರಗಿ ಕೂತಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಕುಳಿತುಕೊಳ್ಳಿ ಎಂದೂ ಹೇಳದೆ ನೇರ ಕೇಳಿದರು.

"ನಾನು ರಾಹುಕಾಲ ಅಂತ ಹಟ ಮಾಡದೇ ಇದ್ದಿದ್ರೆ ಅವರು ಇರ್ತಿದ್ರಾ?"

ವಿಧಿ, ಹಣೆಬರಹ ಎಂದು ಹೇಳುವ ಮಾತುಗಳನ್ನು ಲೋಕಲ್ ಟ್ರೇನಿನಲ್ಲಿ ಕಟ್ಟಿಕೊಂಡೇ ಹೋಗಿದ್ದೆ. ಅವರ ಮುಖ ನೋಡಿದ ಮೇಲೆ ಅವು ಬಾಯಿಗೆ ಬರಲಿಲ್ಲ. ಬೇಗ ಇಳಿಸಿ ಎಂದದ್ದು ನೀವು, ಹೌದು. ಇಳಿಸಿದ ಮೇಲೆ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗಿದ್ದವನು ನಾನು ಎಂದೆ. ಚಿಕ್ಕ ಟೆಂಪೋ ತೆಗೆದದ್ದು ನಾನು. ಯಂತ್ರವನ್ನು ಒಂದನೇ ನಂಬರು ಮಾಡಿದ್ದು ನಾನು. ಅದನ್ನು ಕೊನೆಗೆ ಇಡು ಎಂದು ಮಲ್ಲಪ್ಪನಿಗೆ ಒಂದು ಮಾತು ಹೇಳಿದ್ದರೆ, ಬಾಗಿಲು ತೆರೆದ ಎರಡು ನಿಮಿಷದಲ್ಲಿ ಸಂಜೀವಣ್ಣನಿಗೆ ಗಾಳಿ ಸಿಗುತ್ತಿತ್ತು. ಆ ಮಾತನ್ನು ನಾನು ಹೇಳಲಿಲ್ಲ. ಇಷ್ಟನ್ನೂ ಬಿಡಿಸಿ ಹೇಳಿದೆ. ಪ್ರಜ್ಞಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಎಷ್ಟು ಅರ್ಥವಾಯಿತೋ, ಮುಖ ತಿರುಗಿಸಿಕೊಂಡಳು.

ಸುಂದರಕ್ಕ ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಮಾತು ಕೇಳಿದರು.

"ಇದನ್ನು ಅವತ್ತೇ ಹೇಳಬಹುದಿತ್ತಲ್ಲ ನೀವು?"

ಮರುದಿನ ಆಫೀಸಿಗೆ ಹೋಗಿ ಮೊದಲು ಕೊಟ್ಟ ವರದಿಯನ್ನು ವಾಪಸು ಪಡೆದು ನಡೆದದ್ದನ್ನು ಬರೆದುಕೊಟ್ಟೆ. ಸರ್ವೇ ಫಾರ್ಮಿನಲ್ಲಿ ಸಾಮಾನಿನ ಪಟ್ಟಿಗಿಂತ ಮೇಲೆ ಒಂದು ಸಾಲು ಸೇರಿಸುವಂತೆ ಮಾಡಿದೆ: ಮನೆಯಲ್ಲಿ ಯಾರಿದ್ದಾರೆ, ಯಾವ ವಸ್ತುವಿಲ್ಲದೆ ಅವರು ಒಂದು ಗಂಟೆ ಇರಲಾರರು. ನಂತರ ಬಂದ ಸರ್ವೇಯರ್‌ಗಳು ಅದನ್ನು ತುಂಬುತ್ತಾರೆಂದು ಕೇಳಿದ್ದೇನೆ. ಒಳ್ಳೆಯದೇ. ಆದರೆ ಆ ಕೆಲಸ ನನಗೆ ಕಲಿಸಿದ ಪಾಠ ಫಾರ್ಮಿನದಲ್ಲ. ಲೆಕ್ಕ ಯಾರದ್ದಾದರೂ ತಪ್ಪುತ್ತದೆ, ನನ್ನದೂ ತಪ್ಪಿತು. ತಪ್ಪಿದ್ದನ್ನು ನಾನು ಬಾಯಿ ಬಿಟ್ಟು ಹೇಳದೆ ಇದ್ದ ಇಪ್ಪತ್ತು ದಿನ ಅದನ್ನು ಆ ಹೆಂಗಸು ಹೊತ್ತರು, ಊಟ ಬಿಟ್ಟು, ಒಬ್ಬರೇ.