ಅಳತೆಯ ಬೀಗ

“ಫೋನಿಗೆ ಬೀಗ ಹಾಕು, ಸುಲಭದ ನಂಬರು ಬೇಡ ಅಂದ ಫೋನ್ ಅಂಗಡಿಯವನು. ಹುಟ್ಟಿದ ದಿನ ಬೇಡ, ಮನೆ ನಂಬರೂ ಬೇಡ ಅಂದ. ನಾನೂ ಭಾರಿ ತಲೆ ಓಡಿಸಿದೆ ಅಜ್ಜಿ. ನನ್ನ ಎದೆ, ನನ್ನ ಸೊಂಟ, ಎರಡರ ಅಳತೆ ಪಕ್ಕಪಕ್ಕ ಜೋಡಿಸಿ ಇಟ್ಟುಬಿಟ್ಟೆ. ಊರ ಹೆಂಗಸರನ್ನೆಲ್ಲ ಅಳೆಯೋಳು ನಾನು, ನನ್ನನ್ನು ಅಳೆಯೋರು ಯಾರಿದ್ದಾರೆ ಅಂತ! ಇದ್ದಳಲ್ಲ, ಪಕ್ಕದ ಮಿಷನ್ನಿನಲ್ಲೇ. ನನ್ನ ಗಂಡನ ತಂಗಿ. ನನ್ನ ಅಂಗಿ ಕತ್ತರಿಸೋಳೇ ಅವಳು ಅನ್ನೋದು ಆವತ್ತು ಹೊಳೀಲಿಲ್ಲ.”

ನಮ್ಮ ಬೀದಿಯ ಟೈಲರಮ್ಮ ನನಗೆ ಇದನ್ನು ಹೇಳಿ ಹಲ್ಲಿನಿಂದ ನೂಲು ಕಡಿದಳು. ಕಡಿದ ರಭಸ ನೋಡಿದರೆ ಅದು ನಾದಿನಿಯ ಕುತ್ತಿಗೆಯೇ ಎನ್ನಬೇಕು.

ನಾನು ಆ ಅಂಗಡಿಗೆ ಗುಂಡಿ ಹಚ್ಚಿಕೊಡುವವಳು. ಅತ್ತಿಗೆ ನಾದಿನಿ ಒಬ್ಬರನ್ನೊಬ್ಬರು ಕುಟುಕುವುದನ್ನು ಕೇಳುತ್ತಲೇ ಸೂಜಿಗೆ ದಾರ ಪೋಣಿಸಿದ್ದೇನೆ. ಅಂಗಡಿಗೆ ಬಂದು ತೊಟ್ಟು ನೋಡಲು ಬಿಡುವಿಲ್ಲದ ಹೆಂಗಸರಿಗೆ ಟೈಲರಮ್ಮ ಕಚ್ಚಾ ಹೊಲಿಗೆ ಹಾಕಿದ ಬಟ್ಟೆ ಕಳಿಸುತ್ತಿದ್ದಳು. ಅವರು ಅದನ್ನು ತೊಟ್ಟು, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಫೋಟೋ ತೆಗೆದು ಕಳಿಸಿ, ಬಟ್ಟೆ ವಾಪಸು ಕೊಡುತ್ತಿದ್ದರು. ತೆರೆದ ಬೆನ್ನು, ಉಬ್ಬಿದ ಹೊಟ್ಟೆ, ಎಲ್ಲ ಆ ಫೋನಿನಲ್ಲಿ. ಅವಳ ಕೈಯಲ್ಲಿದ್ದರೆ ಹೊರಗೆ ಹೋಗದು ಎಂಬ ನಂಬಿಕೆಯಿಂದಲೇ ಆ ಅಂಗಡಿ ನಡೆಯುತ್ತಿತ್ತು.

ಒಂದು ಬೆಳಿಗ್ಗೆ ಆಸ್ಪತ್ರೆಯ ನರ್ಸಮ್ಮ ಬಾಗಿಲು ಗೋಡೆಗೆ ಬಡಿಯುವಂತೆ ತಳ್ಳಿ ಬಂದಳು. ತನ್ನ ಫೋನನ್ನು ಟೈಲರಮ್ಮನ ಮೂಗಿಗೆ ಹಿಡಿದಳು.

“ಈ ಬೆನ್ನು ಯಾರದ್ದು ಹೇಳಮ್ಮ? ನನ್ನದು! ಆಸ್ಪತ್ರೆಯಲ್ಲಿ ಗಾಡಿ ತಳ್ಳೋನು ಕೂಡ ನೋಡಿ ಹಲ್ಲು ಕಿರೀತಾನೆ.”

ಟೈಲರಮ್ಮ ನಾದಿನಿಯ ಕಡೆ ತಿರುಗಿದಳು.

“ಕತ್ತಿನ ಡಿಸೈನ್ ಹೇಗಿದೆ ಅಂತ ಗೆಳತಿಯರ ಗ್ರೂಪಿಗೆ ಹಾಕಿದೆ ಅಷ್ಟೆ. ಮುಖ ಇಲ್ವಲ್ಲ,” ಎಂದಳು ನಾದಿನಿ, ಕತ್ತರಿ ಕೆಳಗಿಡದೆ.

“ಮುಖ ಯಾಕೆ? ಬೆನ್ನ ಮೇಲಿನ ಸುಟ್ಟ ಕಲೆ ಸಾಲದಾ ಗುರುತಿಗೆ?” ನರ್ಸಮ್ಮ ಕೂಗಿದಳು.

“ಬೀಗ ಹೇಗೆ ತೆಗೆದೆ?” ಟೈಲರಮ್ಮ ಕೇಳಿದಳು.

“ನಂಬರು ಒತ್ತೋವಾಗೆಲ್ಲ ಹೊಟ್ಟೆ ಒಳಗೆಳ್ಕೊಳ್ತೀಯಲ್ಲ ಅತ್ತಿಗೆ! ನಿನ್ನ ಸೊಂಟ ನನಗೆ ಗೊತ್ತಿಲ್ವಾ?”

ನಗಲು ಹೊರಟ ನನ್ನ ಬಾಯಿ ನರ್ಸಮ್ಮನ ಮುಖ ಕಂಡು ಮುಚ್ಚಿತು.

“ಅಳಿಸು,” ಎಂದಳು ನರ್ಸಮ್ಮ.

“ಇಲ್ಲಿಂದ ಅಳಿಸ್ತೀನಿ. ಹೊರಗೆ ಹೋಗಿದ್ದು...”

ಟೈಲರಮ್ಮನ ಮಾತು ಮುಗಿಯುವ ಮೊದಲೇ ನರ್ಸಮ್ಮ ಮೇಜಿನ ಮೇಲಿದ್ದ ತನ್ನ ಅರೆಹೊಲಿದ ಗೌನನ್ನು ಕಿತ್ತುಕೊಂಡಳು. ಪಿನ್ನುಗಳು ನೆಲದ ತುಂಬ ಚೆಲ್ಲಿದವು.

“ನಮ್ಮ ಆಸ್ಪತ್ರೆಯೋಳು ಒಬ್ಬಳೂ ಇಲ್ಲಿ ಕಾಲಿಡಲ್ಲ, ನೋಡ್ತಿರು.”

ಅವಳು ಹೋದ ಮೇಲೆ ಟೈಲರಮ್ಮ ಎಲ್ಲರ ಫೋಟೋಗಳನ್ನೂ ಅಳಿಸಿದಳು. ಗೋಡೆಗೆ ಮುಖ ಮಾಡಿ ನಂಬರು ಬದಲಿಸಿದಳು.

“ಹೊಸದೇನು? ಗಿರಾಕಿಗಳ ಮೆಸೇಜು ಬಂದ್ರೆ ನೋಡೋದು ಬೇಡ್ವಾ?” ನಾದಿನಿ ಕೇಳಿದಳು.

“ನಿನ್ನ ಅಣ್ಣನಿಗೂ ಹೇಳಲ್ಲ. ನಾಳೆಯಿಂದ ನೀನು ಮನೆಯಲ್ಲೇ ಕೂತು ಹೊಲಿ. ನಿನ್ನ ಮುಖ ಇಲ್ಲಿ ಬೇಡ.”

“ಹಾಗಾದ್ರೆ ನಿನ್ನ ಅಂಗಿ ಯಾರು ಕತ್ತರಿಸ್ತಾರೆ?”

“ಗೋಣಿಚೀಲ ಸುತ್ಕೊಳ್ತೀನಿ.”

ಟೈಲರಮ್ಮ ಡ್ರಾಯರಿನಿಂದ ಅಯಸ್ಕಾಂತ ತೆಗೆದು ನೆಲಕ್ಕೆ ಮಂಡಿಯೂರಿದಳು. ಮೇಜಿನ ಕೆಳಗಿಂದ ಪಿನ್ನುಗಳನ್ನು ಆಯುತ್ತ ನಾದಿನಿಯ ಮಿಷನ್ನಿನ ಬಳಿಗೆ ಬಂದಳು.

“ಕಾಲೆತ್ತು,” ಎಂದಳು.